ಬಂಡೆಯಿಂದಾಚೆ

ಫೆಬ್ರವರಿ 3, ಸೋಮವಾರ

ನಾಲ್ಕು ಪ್ಯಾಂಟಿನ ಕಾಲು ಗಿಡ್ಡ ಮಾಡಿದೆ. ಒಂದು ಜರ್ಕಿನ್‌ಗೆ ಹೊಸ ಜಿಪ್. ಸಂಜೆ ಟೈಲರಿಂಗ್ ಅಂಗಡಿಗೆ ಬೀಗ ಹಾಕಿ ಇವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಇವರ ಹೃದಯಕ್ಕೆ ಇನ್ನು ಏರುದಾರಿ ಆಗದಂತೆ. ಸಮತಟ್ಟಾದ ಕಡೆ ಎಷ್ಟು ಬೇಕಾದರೂ ನಡೆಯಬಹುದು, ಬೆಟ್ಟ ಮಾತ್ರ ಬೇಡ. ಸಪ್ಪಗೆ ಕೂತಿದ್ದರು. ಪಾಪ ಅನ್ನಿಸಿತು.

ಮನೆಗೆ ಬಂದವರೇ ಮಗಳಿಗೆ ಫೋನ್. "ಇನ್ಮೇಲೆ ನಾವು ಬೆಟ್ಟಕ್ಕೆ ಹೋಗಲ್ಲಮ್ಮ."

ನಾವು! ಕೆಟ್ಟಿರುವುದು ಇವರ ಹೃದಯ. ನನ್ನ ಕಾಲಿಗೆ ಏನಾಗಿದೆ?

ಫೆಬ್ರವರಿ 5

ಸಿಟ್ಟು ಇನ್ನೂ ಇಳಿದಿಲ್ಲ.

ಮದುವೆಯಾದಾಗಿನಿಂದ ಚಳಿಗಾಲದ ಭಾನುವಾರವೆಂದರೆ ನ್ಯಾಷನಲ್ ಪಾರ್ಕು. ಅದೂ ಹಿಂದಿನ ಗೇಟು. ಮುಂದಿನ ಗೇಟಿನಲ್ಲಿ ಕಾರು, ಸೆಲ್ಫಿ, ಗಲಾಟೆ. ಹಿಂದಿನದರಲ್ಲಿ ಒಬ್ಬಳು ಗಾರ್ಡು, ಒಂದು ಬೆಂಚು, ಆಮೇಲೆ ಬರೀ ಕಾಡು. "ನಮಗೆ ಜನ ಇಲ್ಲದ ದಾರಿನೇ ಸರಿ" ಅನ್ನುತ್ತಿದ್ದರು ಇವರು. ಜೀವಮಾನವೆಲ್ಲ ಡ್ರೈವಿಂಗ್ ಸ್ಕೂಲ್ ನಡೆಸಿದವರು. ಬೆಟ್ಟದಲ್ಲೂ ಅದೇ ಪಾಠ. "ಎಡಕ್ಕೆ ಬಾ. ನಿಧಾನ. ಮುಂದೆ ತಿರುವಿದೆ." ನಾನು ಬ್ಯಾಗು ಹೊತ್ತು ಹಿಂದೆ.

ಅರ್ಧ ದಾರಿಯಲ್ಲಿ ಕರಿ ಬಂಡೆ. ಅಲ್ಲಿಗೆ ನನ್ನ ಬೆಟ್ಟ ಮುಗಿಯುತ್ತಿತ್ತು. "ನೀನಿಲ್ಲೇ ಕೂತ್ಕೊ. ಮುಂದೆ ಕಷ್ಟ ಇದೆ." ಅವರೊಬ್ಬರೇ ಹೋಗಿ, ಬಂದು, ತುದಿಯಲ್ಲಿರುವ ಕೊಳವನ್ನು ವರ್ಣಿಸುತ್ತಿದ್ದರು. ನೀಲಿ ನೀರಂತೆ. ನಾನು ಹೂಂಗುಟ್ಟುತ್ತಾ ಊಟದ ಡಬ್ಬಿ ಬಿಚ್ಚುತ್ತಿದ್ದೆ.

ಇವತ್ತು ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. "ಭಾನುವಾರ ನಾನೊಬ್ಳೇ ಹೋಗ್ತೀನಿ. ತುದಿ ತನಕ."

"ನಿಂಗೆ ದಾರಿ ಎಲ್ಲಿ ಗೊತ್ತು? ನನ್ನ ಬೆನ್ನು ಬಿಟ್ಟು ಅಲ್ಲಿ ಇನ್ನೇನು ನೋಡಿದ್ದೀಯ?"

"ಅದಕ್ಕೇರೀ ಹೋಗ್ತಿರೋದು."

ಫೆಬ್ರವರಿ 8, ಶನಿವಾರ

ಮಗಳ ಫೋನ್. ಅಪ್ಪ ಚಾಡಿ ಹೇಳಿದ್ದಾಯಿತು.

"ಅಮ್ಮ, ಈ ವಯಸ್ಸಲ್ಲಿ ಇದೆಲ್ಲ ಬೇಕಾ?"

"ಇನ್ನೂ ವಯಸ್ಸಾದ್ಮೇಲೆ ಹೋಗೋಕಾಗುತ್ತೇನೇ?"

ನಕ್ಕಳು. ನಕ್ಕ ಮೇಲೆ ಬೈಯಲಾಗಲಿಲ್ಲ ಅವಳಿಗೆ.

ಬೆಟ್ಟಕ್ಕೆ ಒಯ್ಯುತ್ತಿದ್ದ ಊರುಗೋಲು ನನ್ನ ಕೈಗೆ ಸಿಗದಿರಲೆಂದು ಇವರು ಅದನ್ನು ಅಟ್ಟದ ಮೇಲೆ ಎಸೆದಿದ್ದಾರೆ. ಎಸೆಯಲಿ. ಅಂಗಡಿಯಿಂದ ಬಟ್ಟೆ ಅಳೆಯುವ ಮರದ ಕೋಲು ತಂದಿಟ್ಟುಕೊಂಡಿದ್ದೇನೆ. ಯಾರ ಹತ್ತಿರ ಆಟ?

ಫೆಬ್ರವರಿ 9, ಭಾನುವಾರ — ರಾತ್ರಿ

ಮೈಕೈ ನೋವು. ಆದರೂ ಬರೆಯಬೇಕು.

ಗಾರ್ಡಮ್ಮ ಕೇಳಿದಳು, "ಸಾರ್ ಎಲ್ಲಿ? ಒಬ್ರೇನಾ?" ಕೋಲು ತೋರಿಸಿದೆ. ನಕ್ಕು ಗೇಟು ತೆಗೆದಳು.

ಕಣ್ಣ ಮುಂದೆ ಬೆನ್ನಿಲ್ಲದ ದಾರಿ. ಎಷ್ಟೊಂದು ಮರ! ಆದರೆ ಕವಲು ಬಂದಾಗ ಇವರು ಹೇಳಿದ್ದೇ ನಿಜವಾಯಿತು — ಯಾವ ಕಡೆ ಅಂತ ಗೊತ್ತಿಲ್ಲ. ತಪ್ಪು ಕಡೆ ಹೋಗಿ, ಒಣಗಿದ ಹಳ್ಳಕ್ಕೆ ಇಳಿದು, ಬೈದುಕೊಳ್ಳುತ್ತಾ ವಾಪಸ್ ಬಂದೆ. ದಾರಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ, ಕೇಳೋಣವೆಂದರೆ.

ಕರಿ ಬಂಡೆ ಬಂತು. ಬ್ಯಾಗು ಇಳಿಸಿದೆ, ಕೂತೆ, ಡಬ್ಬಿ ಬಿಚ್ಚಿದೆ. ಊಟ ಅರ್ಧ ಮುಗಿದ ಮೇಲೆ ನೆನಪಾಯಿತು — ಇವತ್ತು ಇಲ್ಲಿ ಕೂರಲು ಬಂದವಳಲ್ಲ ನಾನು! ಯಾರೂ ಕೂರು ಅಂದಿರಲಿಲ್ಲ. ಆದರೂ ಕೂತಿದ್ದೆ. ನನ್ನ ಮೇಲೇ ಎಷ್ಟು ಸಿಟ್ಟು ಬಂತೆಂದರೆ, ಉಳಿದದ್ದನ್ನು ನಿಂತುಕೊಂಡೇ ತಿಂದು ಹೊರಟೆ.

ಬಂಡೆ ಬಳಸಿ ಒಂದು ತಿರುವು, ಅಷ್ಟೇ. ಅಲ್ಲಿ ದಾರಿ ಗೋಡೆಯಂಥ ಕಲ್ಲಿಗೆ ಅಂಟಿಕೊಂಡು ಒಂದಾಳಿನ ಅಗಲವಾಗುತ್ತದೆ. ಇನ್ನೊಂದು ಪಕ್ಕ ಪ್ರಪಾತ. ಹಿಡಿದುಕೊಳ್ಳಲು ಕಬ್ಬಿಣದ ಸರಪಳಿ. ಅದರ ಈಚೆಗೆ ಕೂರಲು ಹೇಳಿ ಮಾಡಿಸಿದಂಥ ಚಪ್ಪಟೆ ಕಲ್ಲು. ಕಲ್ಲಿನ ಸಂದಿಯಲ್ಲಿ ಪೆಪ್ಪರ್‌ಮಿಂಟ್ ಕಾಗದ. ಎಳೆದೆ. ಇನ್ನೊಂದು. ಹಸಿರು ಬಣ್ಣದವು, ಮಾಸಿದವು, ಬಣ್ಣವೇ ಹೋಗಿ ಬೆಳ್ಳಗಾದವು. ಬೊಗಸೆ ತುಂಬ.

ಇವರದೇ ಪೆಪ್ಪರ್‌ಮಿಂಟು. ಕಲಿಯುವವರ ಮೇಲೆ ಕೂಗಾಡಿ ಗಂಟಲು ಕೆಟ್ಟಾಗಿನಿಂದ ಜೇಬಿನಲ್ಲಿ ಅದೇ. ಸರಪಳಿಯ ದಾರಿಯುದ್ದಕ್ಕೂ ಕಣ್ಣು ಹಾಯಿಸಿದೆ, ಅಲ್ಲಿ ಒಂದು ಕಾಗದವೂ ಇಲ್ಲ.

ಇವರು ದಾಟಿಯೇ ಇಲ್ಲ! ಒಂದು ಸಲವೂ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಕೂತು, ಪೆಪ್ಪರ್‌ಮಿಂಟ್ ಚೀಪಿ, ವಾಪಸ್ ಬಂದು ನನಗೆ ಕೊಳದ ಕಥೆ ಹೇಳಿದ್ದಾರೆ. ಜನ ಇಲ್ಲದ ದಾರಿ ಯಾಕೆ ಬೇಕಿತ್ತೆಂದು ಈಗ ತಿಳಿಯಿತು.

ಮೊದಲು ನಗು ಬಂತು. ಆಮೇಲೆ ಹೊಟ್ಟೆ ಉರಿಯಿತು. ಹೆದರಿಕೆ ಇವರದು, ಬಂಡೆಯ ಮೇಲೆ ಕೂತವಳು ನಾನು.

ನನಗೂ ಹೆದರಿಕೆಯಾಯಿತು, ಸುಳ್ಳು ಯಾಕೆ. ಕೋಲನ್ನು ಬೆನ್ನಿಗೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಸರಪಳಿ ಹಿಡಿದು, ಹೆಜ್ಜೆಗೊಂದು ಸಲ ಇವರನ್ನು ಬೈಯುತ್ತಾ ದಾಟಿದೆ. ಬೈಗುಳ ಮುಗಿಯುವ ಮೊದಲೇ ದಾರಿ ಅಗಲವಾಯಿತು.

ತುದಿಯಲ್ಲಿ ಕೊಳ ಇಲ್ಲ. ಹುಲ್ಲು, ಗಾಳಿ, ಆಕಾಶ. "ಬಂದೆ ಕಣ್ರೀ!" ಅಂತ ಕೂಗಿದೆ. ನಾಚಿಕೆಯಾಗಲಿಲ್ಲ. ಇನ್ನೊಂದು ಸಲ ಕೂಗಿದೆ.

ಕಾಗದಗಳನ್ನು ಖಾಲಿ ಡಬ್ಬಿಗೆ ತುಂಬಿ ತಂದೆ. ಮನೆಗೆ ಬಂದು ಇವರ ಮುಂದಿಟ್ಟೆ. ಮುಚ್ಚಳ ತೆಗೆದು ನೋಡಿದರು. ಮುಚ್ಚಿದರು. ಮಲಗಲು ಹೋದರು.

ಫೆಬ್ರವರಿ 17

ನಿನ್ನೆಯೂ ಹೋಗಿ ಬಂದೆ. ಬಂಡೆಯ ಹತ್ತಿರ ಬ್ಯಾಗನ್ನು ಇಳಿಸಲೇ ಇಲ್ಲ. ವಾರವೆಲ್ಲ ಮನೆಯಲ್ಲಿ ಮಾತಿಲ್ಲ. ನಾನಾಗಿ ಮಾತಾಡಿಸುವುದಿಲ್ಲ. ಕ್ಷಮೆ ಕೇಳುವಂಥದ್ದು ನಾನೇನೂ ಮಾಡಿಲ್ಲ.

ಫೆಬ್ರವರಿ 20

ಬೆಳಿಗ್ಗೆ ಕಾಫಿ ಲೋಟ ತಿರುಗಿಸುತ್ತಾ, ನನ್ನ ಕಡೆ ನೋಡದೆ:

"ಸರಪಳಿ ಗಟ್ಟಿ ಇದೆಯಾ?"

"ಇದೆ."

"ನಂಗೆ ಕೆಳಗೆ ನೋಡಿದ್ರೆ ತಲೆ ತಿರುಗುತ್ತೆ. ನಿಂಗೆ ಹೇಳೋದು ಹೇಗೆ?"

"ಬಾಯಲ್ಲಿ. ಕೊಳದ ಕಥೆ ಹೇಳೋಕೆ ಬರ್ತಿತ್ತಲ್ಲ."

ತಲೆ ತಗ್ಗಿಸಿದರು. ನಾನು ಕರಗಿದೆ ಅಂತ ತೋರಿಸಿಕೊಳ್ಳಲಿಲ್ಲ. ಅಂಗಡಿಗೆ ಹೊರಟಾಗ ಬಾಗಿಲಿನ ಪಕ್ಕ ಊರುಗೋಲು ಒರಗಿತ್ತು. ಧೂಳು ಒರೆಸಿದ್ದರು.

ಫೆಬ್ರವರಿ 23, ಭಾನುವಾರ — ಗೇಟಿನ ಬೆಂಚಿನ ಮೇಲೆ

ಇವರೂ ಬಂದಿದ್ದಾರೆ. ಗೇಟಿನ ತನಕ ದಾರಿ ಸಮತಟ್ಟು, ಡಾಕ್ಟರು ಬೇಡ ಅಂದಿಲ್ಲ. ಬ್ಯಾಗು ತಾವೇ ಹೊತ್ತರು. ಗಾರ್ಡಮ್ಮ ಬೀಗದಕೈ ಹುಡುಕುತ್ತಿದ್ದಾಳೆ. ಇವರ ಪಾಠ ಶುರುವಾಗಿದೆ. "ತಿರುವಲ್ಲಿ ನಿಧಾನ, ಸರಪಳಿ ಹತ್ರ—"

"ರೀ, ನೀವಿಲ್ಲೇ ಕೂತ್ಕೊಳ್ಳಿ. ಮುಂದೆ ಕಷ್ಟ ಇದೆ."

ಕೂತರು. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ನಾನು ಬಂಡೆಯ ಮೇಲೆ ಕೂರುತ್ತಿದ್ದ ಹಾಗೆಯೇ. ಒಂದು ಪೆಪ್ಪರ್‌ಮಿಂಟ್ ತೆಗೆದು ನನ್ನ ಕೈಗಿಟ್ಟರು.

"ಆಚೆ ಹೋದ್ಮೇಲೆ ತಿನ್ನು. ಬೇಗ ಬಾ."

ತಿನ್ನುತ್ತೇನೆ. ಬೇಗ ಬರುವುದಿಲ್ಲ. ಇಷ್ಟು ವರ್ಷ ನಾನು ಕಾದಿಲ್ಲವೇ? ಇವತ್ತು ತುದಿಯಲ್ಲಿ ಕಾಲು ಚಾಚಿ, ಹೊಟ್ಟೆ ತುಂಬ ಗಾಳಿ ಕುಡಿದು, ನಿಧಾನವಾಗಿ — ಗೇಟು ತೆಗೆದಳು, ನಾನು ಹೊರಟೆ.