ಲಾಭ, ಎರಡು, ಮೂರು

ಖಾನಾಪುರ
ತಾ. ೧೪-೬-೧೯೨೭

ಚಿರಂಜೀವಿ ತಮ್ಮ ನೇಮಿನಾಥನಿಗೆ ಅಕ್ಕ ಶಾಂತಾಬಾಯಿಯ ಆಶೀರ್ವಾದಗಳು.

ನಿನ್ನ ಕೆಮ್ಮು ಹೇಗಿದೆ? ಜ್ಯೇಷ್ಠಮಧು ಕಟ್ಟಿಕೊಟ್ಟಿದ್ದೆ, ಕುದಿಸಿ ಕುಡಿಯುತ್ತಿದ್ದೀಯೋ, ಗಂಟು ಹಾಗೇ ಗೂಟಕ್ಕೆ ತೂಗುತ್ತಿದೆಯೋ, ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ. ಇಲ್ಲಿ ಮಳೆ ಹಿಡಿದಿದೆ. ನಾನು ಚೆನ್ನಾಗಿದ್ದೇನೆ. ನಿನ್ನ ಮಗಳು ರತ್ನಿ ಚೆನ್ನಾಗಿಲ್ಲ. ಉಣ್ಣು ಎಂದರೆ ಉಣ್ಣುತ್ತಾಳೆ, ಮಲಗು ಎಂದರೆ ಮಲಗುತ್ತಾಳೆ, ಮಗ್ಗಿ ಹೇಳು ಎಂದರೆ ಮಾತ್ರ ತುಟಿ ಬಿಚ್ಚುವುದಿಲ್ಲ.

ನಿನ್ನೆ ನಿನ್ನ ಪತ್ರ ಮುಟ್ಟಿತು. ಹುಡುಗಿಗೆ ಲೆಕ್ಕ ತಲೆಗೆ ಹತ್ತುವಂತಿಲ್ಲ, ಸಾಲಿ ಸಾಕು, ಅಡಿಗೆ ಕಲಿಸು ಎಂದು ಬರೆದಿದ್ದೀ. ಓದಿ ನನ್ನ ಮೈಯೆಲ್ಲ ಉರಿಯಿತು. ತಾಯಿಯಿಲ್ಲದ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಬೆಳೆಸಿದವಳು ನಾನು. ಮೂವತ್ತರ ತನಕ ಮಗ್ಗಿ, ಅದರ ಮೇಲೆ ಕಾಲು, ಅರೆ, ಮುಕ್ಕಾಲಿನ ಮಗ್ಗಿ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಇಲ್ಲಿಯ ಮರಾಠಿ ಸಾಲಿಯಲ್ಲಿ ಬೇರೀಜು, ವಜಾಬಾಕಿ ಎಂದು ಕಲಿಯುತ್ತಾಳೆ. ಮನೆಗೆ ಬಂದು ಅದನ್ನೇ ಕೂಡಿಸುವುದು, ಕಳೆಯುವುದು ಎಂದು ನನಗೆ ಮಾಡಿ ತೋರಿಸುತ್ತಾಳೆ. ಇಂಥವಳಿಗೆ ತಲೆಯಿಲ್ಲವಂತೆ! ಹೇಳುವವನು ಬೆಳಗಾವಿಯ ಹೈಸ್ಕೂಲಿನ ಗಣಿತದ ಮಾಸ್ತರ.

ಆ ದಿನ ಅವಳನ್ನು ಸೇರಿಸಲೆಂದು ನಿಮ್ಮ ಬೆಳಗಾವಿಯ ಹೆಣ್ಣುಮಕ್ಕಳ ಸಾಲಿಗೆ ಕರೆತಂದು ಪರೀಕ್ಷೆ ನಡೆದಾಗ ನಾನು ಬಾಗಿಲ ಹೊರಗಿನ ಕಟ್ಟೆಯ ಮೇಲೇ ಕುಳಿತಿದ್ದೆ, ಮರೆತೆಯಾ? ಆ ದಪ್ಪ ಮೀಸೆಯ ಗುರುಗಳು ತಾಟಿನ ತುಂಬ ಜೋಳ ಸುರಿದು, ಒಂದು ಬಟ್ಟಲು ಕೊಟ್ಟು, ಎಷ್ಟು ಬಟ್ಟಲಾಗುತ್ತದೆ ಅಳೆದು ಹೇಳು ಎಂದರು. ಕೂಸು ತಾಟಿಗೆ ಕೈಮುಟ್ಟಿಸಿ ಕಣ್ಣಿಗೊತ್ತಿಕೊಂಡು ಮೊದಲ ಬಟ್ಟಲು ಎತ್ತಿ ಹಾಕಿ ಲಾಭ ಎಂದಿತು. ಆಮೇಲೆ ಎರಡು, ಮೂರು ಎಂದು ಹೊರಟಿತು. ಎಲ್ಲರೂ ಗೊಳ್ಳೆಂದರು. ಒಂದು ಎನ್ನು ಎಂದು ಗುರುಗಳು ಗದರಿಸಿದರು. ಜೋಳದ ಮುಂದೆ ಅವಳು ಹೇಗೆ ಅಂದಾಳು? ನಿನ್ನ ಕಡೆ ತಿರುಗಿ ನೋಡಿದಳು. ನೀನೂ ನಕ್ಕೆ. ಮೇಲೆ ಒಂದು ಮಾತು ಬೇರೆ: "ಹಳ್ಳ್ಯಾಗ ಬೆಳದಾಳ್ರೀ, ನಮ್ಮಕ್ಕ ಏನ್ ಕಲಿಸ್ಯಾಳೋ ಏನೋ." ಒಂದು ಎಂಬುದೇ ಗೊತ್ತಿಲ್ಲದವಳು ಎಲ್ಲಕ್ಕೂ ಕೆಳಗಿನ ಬಿನ್ನಯತ್ತೆಯಲ್ಲಿ ಸಣ್ಣ ಕೂಸುಗಳ ಜೊತೆ ಕೂಡಲಿ ಎಂದು ಗುರುಗಳು ತೀರ್ಪು ಕೊಟ್ಟರು. ನೀನು ತಲೆಯಾಡಿಸಿ ನಮ್ಮನ್ನು ಸಂಜೆಯ ಗಾಡಿಗೆ ಹತ್ತಿಸಿದೆ.

ನಾನು ಏನು ಕಲಿಸಿದೆನೋ ನಿನಗೆ ಗೊತ್ತಿಲ್ಲವೇನೋ ನೇಮಿ? ರಾಶಿ ಅಳೆಯುವಾಗ ಮೊದಲಿನದಕ್ಕೆ ಒಂದು ಎನ್ನಬಾರದು, ಲಾಭ ಎನ್ನಬೇಕು, ಅಂದರೆ ಕಾಳು ಮನೆಯಲ್ಲಿ ನಿಲ್ಲುತ್ತದೆ ಎಂದು ಅವ್ವ ನನ್ನ ಜೊತೆ ನಿನಗೂ ಕಲಿಸಿದ್ದು. ಅಪ್ಪಿತಪ್ಪಿ ನೀನು ಒಂದು ಎಂದ ದಿನ, ಅಳೆದ ಭತ್ತವನ್ನೆಲ್ಲ ಮತ್ತೆ ರಾಶಿಗೆ ಸುರಿಸಿ ಮೊದಲಿನಿಂದ ಅಳೆಸಿದ್ದಳು. "ನಮ್ಮ ಕಡೆ ಹಂಗ ಅಂತಾರ್ರೀ" ಎಂಬ ಒಂದು ಮಾತು ನಿನ್ನ ಬಾಯಿಂದ ಬಿದ್ದಿದ್ದರೆ ನಿನ್ನ ಕರೀ ಕೋಟು ಮಾಸುತ್ತಿತ್ತೇ? ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ನೀನು ಬೀಜಗಣಿತ ಬಾಯಿಪಾಠ ಮಾಡುವಾಗ ನಾನು ಬಾಜೂಕೆ ಅಕ್ಕಿ ಆರಿಸುತ್ತ ಕೇಳಿದವಳು. ಗೊತ್ತಿಲ್ಲದ ಸಂಖ್ಯೆಗೆ ಕ್ಷ ಎನ್ನೋಣ ಎಂದು ನೀನು ಅನ್ನುತ್ತಿದ್ದೆ. ಈಗಲೂ ಬೋರ್ಡಿನ ಮೇಲೆ ಅದನ್ನೇ ಬರೆಯುತ್ತೀ, ಯಾರೂ ನಗುವುದಿಲ್ಲ. ಗೊತ್ತಿಲ್ಲದ್ದಕ್ಕೆ ನೀವು ಮಾಸ್ತರರು ಬೇಕಾದ ಹೆಸರಿಡಬಹುದು. ಚೆನ್ನಾಗಿ ಗೊತ್ತಿರುವ ಒಂದಕ್ಕೆ ನನ್ನ ಹುಡುಗಿ ಅಜ್ಜಿಯಿಂದ ಬಂದ ಹೆಸರಿಟ್ಟು ಕರೆದರೆ ಅವಳು ದಡ್ಡಿ. ಇದು ಯಾವ ಗಣಿತವೋ ನನಗೆ ತಿಳಿಯದು.

ಗಾಡಿ ದೇಸೂರು ದಾಟಿತು. ರತ್ನಿ ನನ್ನ ಸೆರಗು ಜಗ್ಗಿ ಕೇಳಿದಳು: "ಅತ್ತೀ, ಅಪ್ಪಾಗ ಲಾಭ ಅಂದ್ರ ಗೊತ್ತಿಲ್ಲೇನು?" ನಾನು ಇವತ್ತಿನ ತನಕ ಉತ್ತರ ಕೊಟ್ಟಿಲ್ಲ. ನಿನ್ನ ಮೇಲೆ ನನಗೆ ಬಹಳ ಸಿಟ್ಟಿದೆ ತಮ್ಮಾ, ಸಿಟ್ಟಿಗಿಂತ ಹೆಚ್ಚು ನಾಚಿಕೆ.

ಮಳೆಯಲ್ಲಿ ತೋಯಿಸಿಕೊಳ್ಳಬೇಡ. ಜಿನೇಶ್ವರ ನಿನಗೆ ಆಯುಷ್ಯ ಕೊಡಲಿ, ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ
ಶಾಂತಾಬಾಯಿ

ತಾ.ಕ.: ಟಪಾಲಿನವನು ಈಗ ಒಂದು ಉತ್ತರ ತಂದು ಬಾಗಿಲಲ್ಲಿ ನಿಂತಿದ್ದಾನೆ. ಆ ಹೆಣ್ಣುಮಕ್ಕಳ ಸಾಲಿಯ ಹೆಡ್‌ಮಾಸ್ತರ ಬಾಯಿಯವರಿಗೆ ನಾನು ಎಲ್ಲ ತಿಳಿಸಿ ಬರೆದಿದ್ದೆ. ಮತ್ತೆ ಕರೆತನ್ನಿ, ನಾನೇ ಪರೀಕ್ಷೆ ಮಾಡುತ್ತೇನೆ ಎಂದಿದ್ದಾರೆ. ಸೋಮವಾರ ಬರುತ್ತೇವೆ. ಪಾಲಕರ ಸಹಿ ನಾನೇ ಮಾಡುತ್ತೇನೆ. ರತ್ನಿ ಈಗ ತಾನೆ ಅದನ್ನೇ ಮತ್ತೆ ಕೇಳಿದಳು. ಹೂಂ, ಅಪ್ಪಾಗ ಗೊತ್ತಿಲ್ಲ ಎಂದುಬಿಟ್ಟೆ. ಅವಳಿಗೆ ಎಷ್ಟೋ ಹಗುರಾಯಿತು, "ಹಂಗಾರ ನಾ ಕಲಸ್ತೇನಿ" ಎಂದಳು. ಸ್ಟೇಶನ್ನಿಗೆ ಬಂದರೆ ಅವಳು ಹೇಳಿಕೊಟ್ಟದ್ದನ್ನು ಹೊಸದಾಗಿ ಕೇಳುವವನ ಹಾಗೆ ಕೇಳು. ಗೊತ್ತಿದ್ದೂ ನೀನು ನಕ್ಕೆ ಎಂಬುದು ಅವಳಿಗೆ ತಿಳಿಯುವುದು ಬೇಡ.