ನಾಲಿಗೆ ಮಡಚಿ ಹೇಳುವ ಅಕ್ಷರ

ಮನೆಯಿಂದ, ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ಕೂತು
ಭಾನುವಾರ, ಜುಲೈ ೧೪, ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯ? ಹೋದ ಸಲ ನೋಡಿದಾಗ ನೀನು ಕೆಮ್ಮುತ್ತಿದ್ದೆ. ಕೇಳಿದರೆ ಜಾಲರಿಯ ಆಚೆಯಿಂದ “ಧೂಳು ಅಷ್ಟೇ ಅಮ್ಮ” ಎಂದೆ. ಧೂಳಿನ ಕೆಮ್ಮು ಯಾವುದು, ಎದೆಯ ಕೆಮ್ಮು ಯಾವುದು ಅಂತ ಹೆತ್ತವಳಿಗೆ ಗೊತ್ತಾಗುವುದಿಲ್ಲವೇ? ಅಲ್ಲಿಯ ಡಾಕ್ಟರಿಗೆ ತೋರಿಸು, ಹಲ್ಲು ಕಚ್ಚಿಕೊಂಡು ಸುಮ್ಮನಿರಬೇಡ. ನನ್ನ ಮಂಡಿ ಮೊದಲಿನ ಹಾಗೆಯೇ, ಮೆಟ್ಟಿಲು ಕಂಡರೆ ಮಾತ್ರ ಮುನಿಸಿಕೊಳ್ಳುತ್ತದೆ. ನಿನ್ನ ಹೆಂಡತಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಇನ್ನೂ ಬೆಳಗಿನ ಪಾಳಿಯೇ. ದಿನವೆಲ್ಲ ಹೊದಿಕೆ ಮಡಿಸಿ ಮಡಿಸಿ ಕೈಗೆ ಅದೇ ರೂಢಿಯಾಗಿದೆ. ಮನೆಗೆ ಬಂದು ಕೂತಳೆಂದರೆ ನಾನು ಮುಖ ಒರೆಸಲು ಇಟ್ಟುಕೊಂಡ ಟವೆಲನ್ನೂ ಮಡಿಸಿ ಕಪಾಟಿಗೆ ಸೇರಿಸುತ್ತಾಳೆ. ಇನ್ನು ಈ ಕಾಗದವನ್ನು ನಿನಗಿಂತ ಮೊದಲು ಒಡೆದು ಓದುವ ಸಾಹೇಬರಿಗೂ ನಮಸ್ಕಾರ. ಸಾಹೇಬರೇ, ಇದರಲ್ಲಿ ಗುಟ್ಟೇನೂ ಇಲ್ಲ. ಒತ್ತಕ್ಷರ ತಪ್ಪಿದ್ದರೆ ತಿದ್ದಿ ಮುಂದಕ್ಕೆ ಕೊಡಿ.

ನಿನ್ನ ಕಾಗದ ಬಂತು. ಮಗಳಿಗೆ ಅಪ್ಪ ದೂರದ ಊರಿನಲ್ಲಿ ಕೆಲಸದಲ್ಲಿದ್ದಾನೆ ಅಂತಲೇ ಹೇಳುತ್ತಿರು, ಅವಳ ಶಾಲೆಯ ಸುದ್ದಿ ಬರೆಯಬೇಡ, ಓದಿದರೆ ತಡೆಯಲಾಗುವುದಿಲ್ಲ, ಏನೇ ಆದರೂ ಅವಳನ್ನು ಇಲ್ಲಿಗೆ ಕರೆತರಬೇಡ ಅಂತ ಬರೆದಿದ್ದೀಯ. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದನ್ನೂ ನಾನು ನಡೆಸಿಕೊಡುವವಳಲ್ಲ. ವ್ಯಾನು ಆ ಮನುಷ್ಯನಿಗೆ ಗುದ್ದಿದ ಮೇಲೆ ನಿಲ್ಲಿಸದೆ ಓಡಿಬಂದೆಯಲ್ಲ, ಅದು ತಪ್ಪೇ. ಮಗನೆಂದು ನಾನು ಅದಕ್ಕೆ ತೇಪೆ ಹಾಕುವುದಿಲ್ಲ. ಆದರೆ ಬೆಳಗಾದ ಮೇಲೆ ಮುಖ ತೊಳೆದುಕೊಂಡು, ಯಾರೂ ಕರೆಯದೆ, ನಿನ್ನ ಕಾಲಲ್ಲೇ ನಡೆದು ಠಾಣೆಗೆ ಹೋದೆಯಲ್ಲ, ಅದನ್ನೂ ಬಾಗಿಲಲ್ಲಿ ನಿಂತು ನೋಡಿದವಳು ನಾನೇ. ಆ ಮನುಷ್ಯ ಈಗ ಊರುಗೋಲು ಬಿಟ್ಟು ಓಡಾಡುತ್ತಿದ್ದಾನೆ, ತರಕಾರಿ ಮಾರ್ಕೆಟ್ಟಿನಲ್ಲಿ ಕಂಡೆ. ನೀನು ಮಾತ್ರ ಇನ್ನೂ ಓಡುತ್ತಲೇ ಇದ್ದೀಯ, ಈ ಸಲ ಮಗಳ ಕೈಗೆ ಸಿಗದ ಹಾಗೆ.

ಶಾಲೆಯ ಸುದ್ದಿ ಬರೆಯಬೇಡ ಅಂತ ನನಗೆ ಹೇಳುತ್ತೀಯಲ್ಲ, ಬರೆಯುವುದನ್ನು ನನಗೆ ಕಲಿಸಿದ್ದು ಯಾರು? ಒಂದನೇ ತರಗತಿಯಲ್ಲಿದ್ದಾಗ ನೀನು ಚೀಲ ಕೂಡ ಇಳಿಸದೆ ಈ ಮೆಷಿನ್ನಿನ ಮುಂದೆ ನಿಂತು, ಅವತ್ತು ಟೀಚರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ನನಗೆ ಒಪ್ಪಿಸುತ್ತಿದ್ದೆ. ಯಾರು ಬೆಂಚಿನಿಂದ ಬಿದ್ದರು, ಯಾರ ಚಡ್ಡಿ ಹರಿಯಿತು, ಎಲ್ಲವೂ. ನಾನು ಹೊಲಿಯುತ್ತಾ ಕೇಳುತ್ತಿದ್ದೆ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಈ ನೆಲದ ಮೇಲೆ ನೀನು ಬರೆದ ಅಕ್ಷರವನ್ನೇ ನಾನು ತಿದ್ದಿದ್ದು. ಳ ಬಂದ ದಿನ ನೆನಪಿದೆಯಾ? ನನ್ನ ಬಾಯಲ್ಲಿ ಎಲ್ಲ ಲ ಆಗುತ್ತಿತ್ತು. ನೀನು ನನ್ನ ಗದ್ದ ಹಿಡಿದು, “ಹಾಗಲ್ಲಮ್ಮ, ನಾಲಿಗೆ ಹಿಂದಕ್ಕೆ ಮಡಚು, ಮೇಲೆ ಮುಟ್ಟಿಸು, ಈಗ ಬಿಡು” ಎಂದು ದೊಡ್ಡ ಮೇಷ್ಟ್ರ ಹಾಗೆ ಗದರಿದ್ದೆ. ಅಂಥವನು ಈಗ ಬಾಯಿ ಮುಚ್ಚಿಕೊಂಡಿರು ಎನ್ನುತ್ತೀಯ. ಆಗುವುದಿಲ್ಲ ಕಂದ. ಈಗ ಕೇಳಿಸಿಕೊಳ್ಳುವ ಸರದಿ ನಿನ್ನದು.

ನಮ್ಮ ಗುಂಡಿಗೆ, ಅಂಗಿಯ ಗುಂಡಿ ನುಂಗಿ ನಮ್ಮೆಲ್ಲರ ಜೀವ ಬಾಯಿಗೆ ತಂದು ಆ ಹೆಸರು ಪಡೆದ ನಿನ್ನ ಮಗಳಿಗೆ, ಈಗ ಮುಂದಿನ ಹಲ್ಲುಗಳಿಲ್ಲ. ಅವಳ ಹೊಸ ಟೀಚರು ವಾರಕ್ಕೊಂದು ಹಾಳೆ ಕಳಿಸುತ್ತಾರೆ, ತರಗತಿಯಲ್ಲಿ ಏನಾಯಿತು, ಮಗು ಹೇಗಿದೆ ಅಂತ ಮನೆಯವರಿಗೆ ತಿಳಿಯಲಿ ಎಂದು. ಹುಡುಗಿ ಚುರುಕು, ಆದರೆ ಳ ಹೇಳಲು ಬರುವುದಿಲ್ಲ, ಮನೆಯಲ್ಲಿ ರೂಢಿ ಮಾಡಿಸಿ ಎಂದು ಬರೆದಿದ್ದರು. ಮೊಮ್ಮಗಳ ಬಾಯಿಯೂ ಅಜ್ಜಿಯ ಬಾಯಿಯೂ ಒಂದೇ ಅಚ್ಚು ನೋಡು. ಇದರ ನಡುವೆ ಪಕ್ಕದ ಮನೆಯವಳು ಮೆಟ್ಟಿಲ ಮೇಲೆ ನಿಂತು ಯಾರಿಗೋ “ಅವಳಪ್ಪ ಒಳಗಿದ್ದಾನೆ” ಎಂದದ್ದು ಮಗುವಿನ ಕಿವಿಗೆ ಬಿತ್ತು. ಬಂದು ಕೇಳಿದಳು. ನಿನ್ನ ಹೆಂಡತಿ ಗೋಡೆಗೆ ಮುಖ ಮಾಡಿ ನಿಂತಳು. ನಾನು ಪಕ್ಕಕ್ಕೆ ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಓಡಿಬಂದದ್ದನ್ನೂ ಹೇಳಿದೆ, ಠಾಣೆಗೆ ಹೋದದ್ದನ್ನೂ ಹೇಳಿದೆ. ಮಗು ಅಳಲಿಲ್ಲ. “ಅಲ್ಲಿ ಅಪ್ಪನಿಗೆ ದಿಂಬು ಕೊಡ್ತಾರಾ?” ಎಂದು ಮಾತ್ರ ಕೇಳಿತು. ಆಮೇಲೆ ಟೀಚರು ಅಪ್ಪ ಎಲ್ಲಿ ಎಂದು ಕೇಳಿದ್ದಾರೆ, ಇವಳು “ಒಲಗಿದ್ದಾರೆ” ಎಂದಿದ್ದಾಳೆ. ಆ ವಾರದ ಹಾಳೆ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಂದೆಯವರು ಮನೆಯೊಳಗೇ ಇದ್ದರೂ ಒಮ್ಮೆಯೂ ಶಾಲೆಯ ಕಡೆ ಬಂದಿಲ್ಲ, ಸಂಕೋಚ ಬಿಟ್ಟು ಹೊರಗೆ ಬರಬೇಕಾಗಿ ವಿನಂತಿ, ಎಂದು ಬರೆದಿತ್ತು! ಹೊರಗೆ ಬರುವುದು ಅವನ ಕೈಯಲ್ಲಿದ್ದರೆ ಇಷ್ಟು ಹೊತ್ತಿಗೆ ಬರುತ್ತಿರಲಿಲ್ಲವೇ ತಾಯಿ, ಎಂದುಕೊಂಡೆ.

ಶುಕ್ರವಾರ ಶಾಲೆಯಲ್ಲಿ ಮನೆಯವರು ಬಂದು ಹಿಂದಿನ ಸಾಲಿನಲ್ಲಿ ಕೂತು ಪಾಠ ನೋಡುವ ದಿನ. ಪಾಠ ಮುಗಿದ ಮೇಲೆ ಟೀಚರಿಗೆ ಒಬ್ಬರಿಗೇ ವಿಷಯ ಹೇಳಿಬಿಡೋಣ ಅಂತ ಹೋದೆ. ಮಕ್ಕಳ ಕುರ್ಚಿ, ಕೂತರೆ ಮಂಡಿ ಗದ್ದಕ್ಕೆ ತಾಗುತ್ತದೆ. ಅವತ್ತಿನ ಪಾಠವೋ, ಅದೇ ಳ! ಒಬ್ಬೊಬ್ಬರೇ ಎದ್ದು ಒಂದೊಂದು ಮಾತು ಹೇಳಬೇಕು, ಟೀಚರು ಬೋರ್ಡಿನ ಮೇಲೆ ಬರೆಯಬೇಕು. ಕೋಳಿ ಬಂತು, ಮೊಳೆ ಬಂತು, ಹುಳ ಬಂತು. ಗುಂಡಿಯ ಹಿಂದೆ ಕೂರುವ ಕಿಡಿಗೇಡಿ ಎದ್ದು “ಬೋಳು!” ಎಂದು ಕೂಗಿ, ತಿರುಗಿ ತನ್ನ ಅಪ್ಪನನ್ನೇ ತೋರಿಸಿದ. ನನ್ನ ಪಕ್ಕ ಕೂತಿದ್ದ ಆ ಪುಣ್ಯಾತ್ಮ ತಲೆ ಸವರಿಕೊಂಡು “ಮನೆಗೆ ಬಾ ಮಗನೇ” ಎಂದ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಆ ನಗು ಇನ್ನೂ ನಿಂತಿರಲಿಲ್ಲ, ನಮ್ಮವಳು ಎದ್ದಳು. ಬಾಯೊಳಗೆ ನಾಲಿಗೆ ಮಡಚಿಕೊಳ್ಳುತ್ತಿರುವುದು ಹಿಂದಿನಿಂದ ಅವಳ ಕೆನ್ನೆ ನೋಡಿಯೇ ನನಗೆ ತಿಳಿಯಿತು. “ಒಳಗೆ. ನಮ್ಮಪ್ಪ ಒಳಗಿದ್ದಾರೆ.” ಅಚ್ಚುಕಟ್ಟಾದ ಳ, ಗಂಟೆ ಬಾರಿಸಿದ ಹಾಗೆ. ಟೀಚರು ಖುಷಿಯಲ್ಲಿ “ಶಭಾಷ್! ಮನೆ ಒಳಗೆ, ಅಲ್ವಾ?” ಎಂದರು. “ಅಲ್ಲ ಟೀಚರ್, ಜೈಲೊಳಗೆ.”

ಹಿಂದಿನ ಸಾಲಿನಲ್ಲಿ ಒಬ್ಬಾಕೆ ತನ್ನ ಕೈಚೀಲವನ್ನು ನೆಲದಿಂದೆತ್ತಿ ತೊಡೆಯ ಮೇಲಿಟ್ಟುಕೊಂಡಳು. ನಾನು ಏಳಬೇಕೆಂದುಕೊಂಡೆ, ಆ ಹಾಳು ಕುರ್ಚಿ ನನ್ನನ್ನು ಬಿಡಲಿಲ್ಲ. ಅಷ್ಟರಲ್ಲಿ ಅದೇ ಕಿಡಿಗೇಡಿ, “ಅಲ್ಲೂ ಬೆಲ್ ಹೊಡೀತಾರೇನೇ?” ಎಂದ. ಇನ್ನೊಂದು ಹುಡುಗಿ, “ಹಾಜರಿ ಕರೀತಾರಾ?” ಮತ್ತೊಬ್ಬ, “ಸಾಲಾಗಿ ನಿಂತ್ಕೊಂಡು ಊಟಕ್ಕೆ ಹೋಗ್ಬೇಕಾ? ಮಾತಾಡಿದ್ರೆ ಮೂಲೆಗೆ ನಿಲ್ಲಿಸ್ತಾರಾ?” ಮಕ್ಕಳಿಗೆ ಅದೂ ಒಂದು ಶಾಲೆಯಂತೆ ಕಂಡಿತು ನೋಡು. ಗುಂಡಿ ಎಲ್ಲದಕ್ಕೂ “ಗೊತ್ತಿಲ್ಲ” ಎನ್ನುತ್ತಾ ಹೋದಳು. ಒಂದೊಂದು ಗೊತ್ತಿಲ್ಲಕ್ಕೂ ಅವಳ ದನಿ ಸಣ್ಣದಾಯಿತು. ಜೈಲು ಅಂದಾಗ ತಲೆ ತಗ್ಗಿಸದವಳು ಗೊತ್ತಿಲ್ಲ ಅಂದಾಗ ತಗ್ಗಿಸಿದಳು ಮಗನೇ, ಅದನ್ನು ನೀನು ಸರಿಯಾಗಿ ಓದಿಕೋ. ಟೀಚರ ಮುಖ ಕೆಂಪಗಾಗಿತ್ತು. ಆದರೂ ಆ ಹುಡುಗಿ (ನನ್ನ ಕಣ್ಣಿಗೆ ಅವರೂ ಹುಡುಗಿಯೇ) ಬೋಳು ಎಂದು ಬರೆದಿದ್ದರ ಕೆಳಗೆ ಒಳಗೆ ಎಂದು ದುಂಡಗೆ ಬರೆದು, “ಗೊತ್ತಿಲ್ಲದಿದ್ರೆ ತಪ್ಪೇನಿಲ್ಲ, ಅಪ್ಪನ್ನ ಕೇಳ್ಕೊಂಡು ಬಂದು ನಮಗೆಲ್ಲ ಹೇಳು” ಎಂದರು. ಪಾಠ ಮುಂದುವರಿಯಿತು.

ಎಲ್ಲ ಬೆಲ್ಲವಾಗಿ ಮುಗಿಯಿತು ಅಂದುಕೊಳ್ಳಬೇಡ. ಕೈಚೀಲದಾಕೆ ಗುಂಡಿಯ ಪಕ್ಕ ಕೂರುವ ಹುಡುಗಿಯ ತಾಯಿ. ಪಾಠ ಮುಗಿದ ಕೂಡಲೇ ನನ್ನೆದುರಿಗೇ ಟೀಚರ ಹತ್ತಿರ ಹೋಗಿ, ನಮ್ಮ ಮಗಳನ್ನು ಬೇರೆ ಬೆಂಚಿಗೆ ಹಾಕಿ ಎಂದಳು. ನನಗೂ ಬಾಯಿ ಇದೆಯಲ್ಲ. “ನಿಮ್ಮ ಮಗು ನಿಮ್ಮಿಷ್ಟ ಕಣಮ್ಮ, ನಮ್ಮ ಹುಡುಗಿ ಮಾತ್ರ ಕೂತ ಜಾಗ ಬಿಡಲ್ಲ” ಎಂದೆ. ಟೀಚರು ಎಷ್ಟು ಹೇಳಿದರೂ ಆಕೆ ಜಪ್ಪಯ್ಯ ಅನ್ನಲಿಲ್ಲ. ಶನಿವಾರ ಗುಂಡಿಯ ಪಕ್ಕದ ಜಾಗ ಖಾಲಿಯಿತ್ತಂತೆ. ಇವಳು ಬಂದು ಅದನ್ನು ಹೇಳಿದ್ದು ಕೈಕಾಲು ತೊಳೆದು, ಊಟ ಮುಗಿಸಿದ ಮೇಲೆ, ಏನೂ ದೊಡ್ಡ ವಿಷಯವಲ್ಲ ಎನ್ನುವ ಹಾಗೆ. ಥೇಟ್ ನೀನೇ, ಧೂಳು ಅಷ್ಟೇ ಎಂದೆಯಲ್ಲ, ಹಾಗೆ. ನಾಳೆಯೂ ಅದೇ ಬೆಂಚಿಗೇ ಹೋಗುತ್ತಾಳಂತೆ. ಕಳಿಸುತ್ತೇನೆ. ಇನ್ನು ಮೇಲೆ ವಾರದ ಹಾಳೆ ನಮ್ಮ ಮನೆಗೆ ಎರಡು ಬರುತ್ತದೆ, ಒಂದು ನಿನ್ನ ಲೆಕ್ಕದ್ದು. ಟೀಚರನ್ನು ನಾನೇ ಕೇಳಿದೆ, ಕೊಡುತ್ತೇನೆ ಎಂದರು. ಮೊದಲನೆಯದು ಈ ಲಕೋಟೆಯಲ್ಲೇ ಇದೆ. ತಡೆಯಲಾಗದಿದ್ದರೆ ಅತ್ತುಬಿಡು, ಆದರೆ ಓದು.

ಚೆನ್ನಾಗಿ ಊಟ ಮಾಡು, ಸಿಟ್ಟಿನವರ ತಂಟೆಗೆ ಹೋಗಬೇಡ. ನಿನ್ನ ಹೆಂಡತಿ ನೆನಪು ಹೇಳಿದ್ದಾಳೆ. ಬರೆಯಲು ಕೂರು ಎಂದರೆ ಕಣ್ಣು ತುಂಬಿಕೊಳ್ಳುತ್ತಾಳೆ, ಅದಕ್ಕೇ ನಾನು ಬರೆದೆ. ನಿನ್ನ ತಲೆಯ ಮೇಲೆ ನನ್ನ ಕೈ ಯಾವಾಗಲೂ ಇದೆ, ಜಾಲರಿ ಅದಕ್ಕೆ ಅಡ್ಡ ಬರುವುದಿಲ್ಲ.

ನಿನ್ನ ಮೊದಲ ವಿದ್ಯಾರ್ಥಿನಿ,
ಅಮ್ಮ

ಮರೆತಿದ್ದೆ: ಬರುವ ಭೇಟಿಯ ದಿನ ಗುಂಡಿಯನ್ನು ಕರೆದುಕೊಂಡು ಬರುತ್ತಿದ್ದೇನೆ. ಬೇಡ ಎಂದು ಬರೆಯಬೇಡ, ಆ ಕಾಗದ ನನಗೆ ತಲುಪುವ ಮೊದಲೇ ನಾವು ಬಸ್ಸು ಹತ್ತಿರುತ್ತೇವೆ. ಗಡ್ಡ ತೆಗೆದಿರು, ಗುರುತು ಸಿಗಬೇಕು. ಬೆಲ್ಲು, ಹಾಜರಿ, ಊಟದ ಸಾಲು, ಎಲ್ಲಕ್ಕೂ ಸರಿಯಾಗಿ ಉತ್ತರ ಹೇಳು, ಇಡೀ ತರಗತಿ ಕಾಯುತ್ತಿದೆ. ಅವಳದೇ ಒಂದು ಪ್ರಶ್ನೆಯಿದೆ, ತರಗತಿಯದಲ್ಲ, ಬೆಳಗ್ಗೆ ಜಡೆ ಹಾಕುವಾಗ ನನ್ನನ್ನು ಕೇಳಿದಳು. ನನಗೆ ಗೊತ್ತಿಲ್ಲ, ಅಪ್ಪನನ್ನೇ ಕೇಳು ಎಂದಿದ್ದೇನೆ. ಅಲ್ಲಿ ನಿನ್ನ ಪಕ್ಕ ಯಾರಾದರೂ ಕೂರುತ್ತಾರಾ?