ಹನ್ನೆರಡನೆಯ ಸೂಜಿ

ಪ್ರೀತಿಯ ಮೇಷ್ಟ್ರೇ,

ನಿಮ್ಮ ಶಾಲೆಗೆ ನಾನು ಸೇರಿದ ಮೊದಲ ದಿನ ನೆನಪಿದೆಯೇ? ನಂಜನಗೂಡಿನಲ್ಲಿ ಎಸ್‌ಟಿಡಿ ಬೂತಿನ ಮೇಲೆ ಎರಡು ಕೋಣೆ, ‘ಅಕ್ಯುಪಂಕ್ಚರ್ ಶಾಲೆ’ ಎಂಬ ಬೋರ್ಡು. ‘ಪಂಕ್ಚರ್’ ಎಂಬಷ್ಟನ್ನೇ ಓದಿಕೊಂಡು ಒಬ್ಬ ಸೈಕಲ್ ಹೊತ್ತು ಮೆಟ್ಟಿಲು ಹತ್ತಿ ಬಂದಿದ್ದ. ನೀವು ನಗಲಿಲ್ಲ, ಅವನ ಸೊಂಟ ನೋಡಿ, ಕೂರಿಸಿ, ನೋವು ಇಳಿಸಿ ಕಳಿಸಿದಿರಿ. ಸೈಕಲ್ ಮಾತ್ರ ಹಾಗೇ ಇತ್ತು. ಅವತ್ತೇ ನಿಮ್ಮ ಪದ್ಧತಿ ಕಂಡೆ: ಸೂಜಿ ಹಾಕುವವರು ನೀವು, ಎಣಿಸುವವರು ರೋಗಿ. ಹಾಕುವಾಗ ಒಮ್ಮೆ, ತೆಗೆಯುವಾಗ ಇನ್ನೊಮ್ಮೆ, ಗಟ್ಟಿಯಾಗಿ.

“ಇದು ಚಿಕಿತ್ಸೆಯೋ ಮಗ್ಗಿ ಪಾಠವೋ ಸಾರ್?” ಎಂದು ಕೆಣಕಿದ್ದೆ.

“ಮೈ ಅವರದು ಕಣಯ್ಯ. ಒಳಗೆ ಎಷ್ಟು ಹೋಯ್ತು, ಎಷ್ಟು ಬಂತು ಅಂತ ಅವರಿಗೆ ಗೊತ್ತಿರಬೇಡ್ವೆ?”

ನರಸೀಪುರದ ಆ ಆಸ್ಪತ್ರೆಗೆ ಹೋದದ್ದು ಆಮೇಲಿನ ಮಾತು. ನಮ್ಮ ವಿದ್ಯಾರ್ಥಿಗಳು ನಿಜವಾದ ಆಸ್ಪತ್ರೆಯಲ್ಲಿ, ನಿಜವಾದ ಡಾಕ್ಟರುಗಳ ಕಣ್ಣೆದುರು ಕಲಿಯಬೇಕೆಂದು ನಿಮಗೆ ಎಂಥ ಹಂಬಲ! ಎಷ್ಟು ಆಸ್ಪತ್ರೆಗಳ ಬೆಂಚು ಸವೆಸಿದ್ದೆವೋ… ಪ್ರಾಣಶಕ್ತಿಗೆ ಚೀನಾದವರು ‘ಚಿ’ ಅನ್ನುತ್ತಾರೆ ಎಂದು ನೀವು ವಿವರಿಸಿದಿರಿ. ಅಲ್ಲಿನ ದೊಡ್ಡ ಡಾಕ್ಟರ ಮುಖ ‘ಛೀ’ ಎಂದಿತು. ಆದರೂ ಮನುಷ್ಯ ನೇರ. “ನಂಗೆ ಇದ್ರಲ್ಲಿ ನಂಬಿಕೆ ಇಲ್ಲ ಕಣ್ರೀ. ಆಪರೇಷನ್ ಮಾಡೋನು ನಾನು. ಇಲ್ಲೇ ಒಂದು ರೂಮು ಕೊಟ್ಟು, ಮಂಡಿನೋವು, ಸೊಂಟನೋವಿನವರನ್ನ ಮೂರು ತಿಂಗಳು ಕಳಿಸ್ತೀನಿ. ಒಂದೇ ಒಂದು ಎಡವಟ್ಟಾದ್ರೂ ರೂಮು ಖಾಲಿ ಮಾಡ್ಬೇಕು” ಎಂದರು.

ಮೂರು ತಿಂಗಳ ಆ ಕೊನೆಯ ಬೆಳಿಗ್ಗೆ ಬಂತು. ಡಾಕ್ಟರು ಬಂದು ನೋಡಿ, ಕೋಣೆ ಉಳಿಯುತ್ತದೋ ಇಲ್ಲವೋ ಹೇಳುವವರಿದ್ದರು. ಮಂಚದ ಮೇಲೆ ಮಂಡಿನೋವಿನ ಚಿಕ್ಕತಾಯಮ್ಮ. ಹಾಕುವಾಗ ಹನ್ನೆರಡು ಎಣಿಸಿದ್ದರು. ತೆಗೆದಾಗ ಟ್ರೇಯಲ್ಲಿ ಹನ್ನೊಂದು! ಅದೇ ಹೊತ್ತಿಗೆ ಡಾಕ್ಟರು ಬಾಗಿಲಲ್ಲಿ.

“ಏನಾಯ್ತು?”

ಯಾವಾಗಲೂ ಶ್ಲೇಷೆ ಹೊಸೆಯುವ ನಾನು ಟ್ರೇಯನ್ನು ಮತ್ತೆ ಎಣಿಸತೊಡಗಿದೆ. ಚಿಕ್ಕತಾಯಮ್ಮನೇ ನಮ್ಮನ್ನು ಕಾಪಾಡಲು ಹೊರಟರು. “ಏನಿಲ್ಲ ಬುಡಿ ಸಾ. ಆಕಿದ್ದೇ ಅನ್ನೊಂದು. ನಾನೇ ತಪ್ಪು ಎಣಿಸ್ಬುಟ್ಟೆ.”

ಎಂಥ ಸಲೀಸಾದ ದಾರಿ ಮೇಷ್ಟ್ರೇ! ಸುಮ್ಮನಿದ್ದಿದ್ದರೆ ಸಾಕಿತ್ತು. ನೀವು ಅಂದಿರಿ: “ಆಯಮ್ಮ ಸರಿಯಾಗೇ ಎಣಿಸಿದಾರೆ ಸಾರ್. ಒಂದು ಕಮ್ಮಿ ಇದೆ.”

ಎಲ್ಲ ಮುಗಿಯಿತು ಎಂದುಕೊಂಡೆ. ಡಾಕ್ಟರು ಬಾಗಿಲು ಹಾಕಿಸಿದರು. “ಯಾರೂ ಹೊರಗೆ ಹೋಗ್ಬೇಡಿ. ಸಿಸ್ಟರ್, ಟಾರ್ಚ್ ತನ್ನಿ” ಎಂದವರೇ ಇಸ್ತ್ರಿ ಮುರಿಯದ ಪ್ಯಾಂಟಿನಲ್ಲಿ ನೆಲಕ್ಕೆ ಮಂಡಿಯೂರಿದರು. ಆ ಕಡೆಯಿಂದ ಅವರು, ಈ ಕಡೆಯಿಂದ ನೀವು, ಮಂಚದ ಕೆಳಗೆ ಎರಡು ವೈದ್ಯಪದ್ಧತಿಗಳು ತಲೆಗೆ ತಲೆ ತಾಗಿಸಿಕೊಂಡು ತೆವಳುತ್ತಿದ್ದವು. ಕೊನೆಗೆ ಸಿಕ್ಕಿದ್ದೆಲ್ಲಿ? ನಿಮ್ಮ ಬದನವಾಳು ಖಾದಿ ಜುಬ್ಬದ ಮಡಚಿದ ತೋಳಿನಲ್ಲಿ! ಸಿಸ್ಟರ್ ಟಾರ್ಚ್ ಬಿಟ್ಟಾಗ ಮಿಂಚಿತು.

“ಆಕೆ ಹೇಳಿದ್ದಕ್ಕೆ ಹೂಂ ಅಂದಿದ್ರೆ ಮುಗೀತಿತ್ತಲ್ರೀ?” ಎಂದು ಡಾಕ್ಟರು ಕೇಳಿದರು.

“ಮುಗೀತಿತ್ತು. ಆಮೇಲೆ ಅದರ ಮೇಲೆ ಕೂರೋರು ಯಾರು ಸಾರ್?”

ಡಾಕ್ಟರು ಮಂಡಿ ಒರೆಸಿಕೊಂಡು ಎದ್ದರು. “ನಮ್ಮ ಥಿಯೇಟರಲ್ಲೂ ಅಷ್ಟೇ. ಲೆಕ್ಕ ಸರಿಯಾಗದೆ ಹೊಟ್ಟೆ ಹೊಲಿಯಲ್ಲ” ಎಂದರು. ಕೋಣೆ ಉಳಿಯಿತು, ಕಾಯಂ ಒಪ್ಪಂದದ ಮಾತೂ ಶುರುವಾಯಿತು. ಸೂಜಿಯಲ್ಲಿ ಸೋಜಿಗ ಹುಡುಕುತ್ತಿದ್ದ ನಾನು, ಅದು ಸೂಜಿ ಹಿಡಿದ ಕೈಯಲ್ಲಿತ್ತು ಎಂಬುದನ್ನು ಅವತ್ತು ಕಂಡೆ. ಹೇಳಲು ಮಾತ್ರ ನಾಚಿಕೆ. ಮರುದಿನ ಹೇಳೋಣ, ಮುಂದಿನ ವಾರ ಹೇಳೋಣ ಅಂತ…

ನೀವು ನಮ್ಮನ್ನು ಬಿಟ್ಟು ಹೋಗುವ ಮುನ್ನಾದಿನ ಆಸ್ಪತ್ರೆಯ ಹಾಸಿಗೆಯಲ್ಲೂ ಕೇಳಿದ್ದು ಒಂದೇ: “ಒಪ್ಪಂದದ ಕಾಗದ ಬಂತೇನಯ್ಯ?” ಬಂದಿರಲಿಲ್ಲ.

ಇವತ್ತು ಬಂತು ಮೇಷ್ಟ್ರೇ. ಶಾಲೆಗೂ ಆಸ್ಪತ್ರೆಗೂ ಕಾಯಂ ಒಪ್ಪಂದ. ನಮ್ಮವರು ಅಲ್ಲಿ ಕಲಿಯಬಹುದು, ಅಲ್ಲಿನ ಸಿಸ್ಟರುಗಳು ನಮ್ಮಲ್ಲಿಗೆ ಬರಬಹುದು. ಡಾಕ್ಟರಿಗೆ ‘ಚಿ’ಯಲ್ಲಿ ಇನ್ನೂ ನಂಬಿಕೆ ಬಂದಿಲ್ಲ. ಆದರೆ ಟೈಪಾದ ಕರಾರುಗಳ ಮೇಲೆ, ಖಾಲಿ ಅಂಚಿನಲ್ಲಿ, ತಮ್ಮ ಕೈಯಾರೆ ಒಂದು ಸಾಲು ಸೇರಿಸಿದ್ದಾರೆ: ‘ಸೂಜಿಗಳನ್ನು ರೋಗಿಯೇ ಗಟ್ಟಿಯಾಗಿ ಎಣಿಸತಕ್ಕದ್ದು.’ ನಿಮ್ಮ ಜಾಗದಲ್ಲಿ ನಾನು ಸಹಿ ಹಾಕಿದೆ.

ಸಹಿಯಾದ ಮೇಲೆ ಮೊದಲು ಬಂದವರು ಯಾರು ಗೊತ್ತೆ? ಚಿಕ್ಕತಾಯಮ್ಮ, ಈಗ ಇನ್ನೊಂದು ಮಂಡಿ. ವರಾಂಡದವರೆಗೂ ಕೇಳುವಂತೆ ಎಣಿಸಿದರು. ನಾನು ಕೊನೆಯದನ್ನು ಟ್ರೇಗೆ ಹಾಕಿದಾಗ ನನ್ನ ಅಂಗಿಯ ತೋಳಿನ ಮಡಿಕೆಯನ್ನೂ ಒಮ್ಮೆ ಬಿಡಿಸಿ ನೋಡಿ, “ಅನ್ನೆರಡೂ ಬಂದ್ವು ಅಂತ ಮೇಷ್ಟ್ರಿಗೆ ತಿಳಿಸ್ಬುಡಿ ಸಾ” ಎಂದರು.

ತಿಳಿಸಿದ್ದೇನೆ.

ನಿಮ್ಮ ವಿದ್ಯಾರ್ಥಿ